ಬಿಸಿಲು, ಹೊಗೆ ಮತ್ತು ಆಂಬುಲೆನ್ಸು



ರೋಗವು ದಿನ ನೋಡಿ ಬರುವದಿಲ್ಲವೆಂದು ನಾವೆಲ್ಲರೂ ಎಣಿಸುತ್ತೇವೆ. ಆದರೆ ಆಂಬುಲೆನ್ಸಿಗೆ ಬರುವ ಕರೆಗಳನ್ನು ಲೆಕ್ಕವಿಟ್ಟವರು, ಅವು ಹವೆಯನ್ನು ಅನುಸರಿಸಿ ಏರಿಳಿಯುವವೆಂದು ಕಂಡಿದ್ದಾರೆ. ಜಪಾನ ದೇಶದಲ್ಲಿ 2024ನೆಯ ಇಸವಿಯ ಮೇ ತಿಂಗಳಿಂದ ಸಪ್ಟಂಬರದ ವರೆಗೆ, ಬಿಸಿಲಿನ ಬಾಧೆಯೊಂದರಿಂದಲೇ 97,000ಕ್ಕಿಂತ ಹೆಚ್ಚು ಜನರನ್ನು ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಯಿತು. ಇದರ ಕಾರಣವನ್ನು ವಿಚಾರಿಸೋಣ.

1. ಬಿಸಿಲು: ಹವೆಯು ಕಾದಾಗ ದೇಹವು ಬೆವರನ್ನು ಸುರಿಸಿ, ಚರ್ಮದ ಕಡೆಗೆ ಹೆಚ್ಚು ರಕ್ತವನ್ನು ಕಳುಹಿಸಿ ತನ್ನನ್ನು ತಂಪು ಮಾಡಿಕೊಳ್ಳುವದು. ಇದಕ್ಕಾಗಿ ಹೃದಯವು ಅಧಿಕವಾಗಿ ದುಡಿಯಬೇಕು. ನೀರು ಸಾಲದಿದ್ದರೆ ರಕ್ತವು ಗಟ್ಟಿಯಾಗುವದು, ಮೂತ್ರಪಿಂಡಗಳು ಬಳಲುವವು. ಆದಕಾರಣ ಮುದುಕರೂ ಹೃದ್ರೋಗಿಗಳೂ ಹೊಲದ ಕೂಲಿಗಳೂ ಮೊದಲು ಕುಸಿಯುತ್ತಾರೆ. ಚಳಿಯೂ ನಿರಪಾಯವಲ್ಲ, ಅದು ರಕ್ತನಾಳಗಳನ್ನು ಕುಗ್ಗಿಸಿ ರಕ್ತದೊತ್ತಡವನ್ನು ಏರಿಸುವದು.

2. ಹೊಗೆ: ಒಂದು ಮಿಲಿಮೀಟರನ್ನು 400 ಪಾಲು ಮಾಡಿದರೆ ಒಂದು ಪಾಲಿನಷ್ಟು ಅಥವಾ ಅದಕ್ಕಿಂತ ಸಣ್ಣದಾದ ಕಣಗಳು ಹೊಗೆಯಲ್ಲಿರುತ್ತವೆ. ಮೂಗು ಅವನ್ನು ತಡೆಯಲಾರದು. ಅವು ಶ್ವಾಸಕೋಶದ ಆಳಕ್ಕಿಳಿದು ಉಬ್ಬಸವನ್ನು ಕೆರಳಿಸುವವು, ಹೃದಯಾಘಾತಕ್ಕೂ ದಾರಿಮಾಡುವವು. ಚಳಿಗಾಲದ ಮುಂಜಾನೆ ನೆಲದ ಸಮೀಪದ ತಣ್ಣನೆಯ ಹವೆಯ ಮೇಲೆ ಬೆಚ್ಚಗಿನ ಹವೆಯು ಮುಚ್ಚಳದಂತೆ ಕೂಡ್ರುವದರಿಂದ ಹೊಗೆಯು ಮೇಲಕ್ಕೆ ಹೋಗದು. 1952ರ ಡಿಸೆಂಬರದಲ್ಲಿ ಲಂಡನ್ ಪಟ್ಟಣದಲ್ಲಿ ಹೀಗೆಯೇ ಆಗಿ ಸಾವಿರಾರು ಜನರು ಮಡಿದರು. ದಾರಿ ಕಾಣದೆ ಆಂಬುಲೆನ್ಸುಗಳೂ ನಿಂತವು. ಅವಶ್ಯಕತೆಯು ಹೆಚ್ಚಿದಾಗಲೇ ವಾಹನವು ದೊರೆಯಲಿಲ್ಲವೆಂಬದನ್ನು ನೆನಪಿನಲ್ಲಿಡಿರಿ.

3. ನಮ್ಮ ಸೀಮೆ: ಬೆಳಗಾವಿಯು ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದ್ದು ತಂಪಾದ ಊರೆಂದು ಹೆಸರಾಗಿದೆ. ಆದರೆ ತಂಪಿಗೆ ಒಗ್ಗಿದ ದೇಹವು ಎಪ್ರಿಲ್ ತಿಂಗಳ ಬಿಸಿಲಿಗೆ ಬೇಗನೆ ಬಳಲುವದು. ವಾಹನಗಳ ಹೊಗೆ, ಎರಕದ ಕಾರಖಾನೆಗಳ ಹೊಗೆ, ಕಸ ಸುಡುವ ಹೊಗೆ ಇವೂ ಇಲ್ಲಿ ಕೂಡುವವು. ಖಾನಾಪುರದ ಹವೆಯು ಅಡವಿಯ ದೆಸೆಯಿಂದ ಶುದ್ಧವಾದದ್ದು. ಆದರೂ ಕಟ್ಟಿಗೆಯ ಒಲೆಯ ಹೊಗೆಯು ಅಡಿಗೆಮನೆಯಲ್ಲಿಯೇ ಇದೆ. ಮೇಲಾಗಿ ಭೀಮಗಡದ ಅಡವಿಯ ಹಳ್ಳಿಗಳಿಗೆ ಮಳೆಗಾಲದಲ್ಲಿ ಗಾಡಿಯ ದಾರಿಯಿಲ್ಲದೆ, ರೋಗಿಯನ್ನು ಊರವರು ಹೆಗಲ ಮೇಲೆ ಹೊತ್ತು ತರುವ ಪ್ರಸಂಗಗಳುಂಟು.

ನಮ್ಮ ರಾಜ್ಯದಲ್ಲಿ 2008ನೆಯ ನವಂಬರ 1ರಂದು ‘ಆರೋಗ್ಯ ಕವಚ’ವೆಂಬ 108 ಆಂಬುಲೆನ್ಸು ಸೇವೆಯು ಆರಂಭವಾಯಿತು. ಖಾನಾಪುರದಿಂದ ರೋಗಿಯನ್ನು ಸುಮಾರು 26 ಕಿಲೋಮೀಟರ ದೂರದ ಬೆಳಗಾವಿಗೆ ತಂದ ವಾಹನವು ತಿರುಗಿ ಮುಟ್ಟುವ ವರೆಗೆ, ಅದರ ಸರದಿಗೆ ಸೇರಿದ ಹಳ್ಳಿಗಳು ಇನ್ನೊಂದು ವಾಹನದ ದಾರಿ ಕಾಯಬೇಕು. ಒಂದು ವಾಹನವು ಏಕಕಾಲಕ್ಕೆ ಎರಡು ಕಡೆ ಇರಲಾರದು. ಆದುದರಿಂದ ತಡೆಯಬಹುದಾದ ಪ್ರತಿಯೊಂದು ಕರೆಯನ್ನು ತಡೆದರೆ, ಹೆರಿಗೆಯ ಬೇನೆಯಲ್ಲಿರುವ ಒಬ್ಬ ತಾಯಿಗೆ ಆ ವಾಹನವು ಬೇಗ ಒದಗೀತು.

4. ನಮ್ಮ ಕರ್ತವ್ಯ: ನಡುಹಗಲಿನಲ್ಲಿ ಮನೆಯ ಹಿರಿಯರನ್ನು ನೆರಳಿನಲ್ಲಿರಿಸಿ, ಆಗಾಗ ನೀರು ಮಜ್ಜಿಗೆ ಕೊಡಿರಿ. ಕಸವನ್ನು ಸುಡಬೇಡಿರಿ. ಉಬ್ಬಸವಿದ್ದವರು ವೈದ್ಯರು ಕೊಟ್ಟ ಔಷಧವನ್ನು ಬಳಿಯಲ್ಲಿಟ್ಟುಕೊಳ್ಳಲಿ. ಆದರೆ ಬಿಸಿಲಿನಿಂದ ಮೈ ಸುಟ್ಟು ಮಾತು ತೊದಲಿದರೆ, ಎದೆ ಹಿಡಿದರೆ, ಉಸಿರು ಸಿಕ್ಕಿದರೆ ಕ್ಷಣವೂ ತಡೆಯದೆ 108ಕ್ಕೆ ಕರೆ ಮಾಡಿರಿ. ಬಿಸಿಲು ತಗಲಿದವರ ಮೈಗೆ ವಾಹನ ಬರುವ ವರೆಗೆ ತಣ್ಣೀರು ಹಚ್ಚಿ ಗಾಳಿ ಬೀಸಿರಿ. ಎಚ್ಚರದಪ್ಪಿದವರ ಬಾಯಿಗೆ ನೀರು ಹಾಕಬಾರದು.

ಅಭ್ಯಾಸ: ಶಾಲೆಯ ಉಷ್ಣಮಾಪಕವನ್ನು ನೆರಳಿನಲ್ಲಿ ತೂಗಹಾಕಿ ದಿನಾಲು ಮಧ್ಯಾಹ್ನದ ಉಷ್ಣತೆಯನ್ನು ಬರೆದಿಡಿರಿ. ಅಂದು ತರಗತಿಯಲ್ಲಿ ಎಷ್ಟು ಮಂದಿಗೆ ತಲೆನೋವು, ಕೆಮ್ಮು, ಆಯಾಸಗಳಿದ್ದವೆಂಬದನ್ನೂ ಅದರ ಮಗ್ಗುಲಲ್ಲಿ ಬರೆಯಿರಿ. ತಿಂಗಳ ಕೊನೆಗೆ ಎರಡನ್ನೂ ಹೋಲಿಸಿ ನೋಡಿರಿ.