ಪ್ರನಾಳ ಶಿಶು: ಸುದ್ದಿಯಾದವರು, ಸುದ್ದಿಯಾಗದವರು

1978ರ ಜುಲೈ 25ರ ರಾತ್ರಿ ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಪಟ್ಟಣದ ಸಾರ್ವಜನಿಕ ಆಸ್ಪತ್ರೆಯಲ್ಲಿ ಲೂಯೀಸ್ ಬ್ರೌನ್ ಎಂಬ ಹೆಣ್ಣುಮಗು ಶಸ್ತ್ರಚಿಕಿತ್ಸೆಯ ಮೂಲಕ ಜನಿಸಿತು. ಜಗತ್ತಿನ ಪತ್ರಿಕೆಗಳು ಅದನ್ನು ‘ಪ್ರನಾಳ ಶಿಶು’ ಎಂದು ಕರೆದವು. ವಾಸ್ತವವಾಗಿ ಅದು ಪ್ರನಾಳದಲ್ಲಿ ಬೆಳೆದ ಮಗುವಲ್ಲ. ತಾಯಿ ಲೆಸ್ಲಿಯ ಅಂಡನಾಳಗಳು ಮುಚ್ಚಿಹೋಗಿದ್ದವು. ಆದ್ದರಿಂದ ಅಂಡವನ್ನು ಹೊರತೆಗೆದು, ಗಾಜಿನ ತಟ್ಟೆಯಲ್ಲಿ ವೀರ್ಯಾಣುಗಳೊಡನೆ ಸೇರಿಸಿ, ಫಲಿತಗೊಂಡ ಭ್ರೂಣವನ್ನು ಕೆಲವೇ ದಿನಗಳಲ್ಲಿ ಗರ್ಭಾಶಯಕ್ಕೆ ಮರಳಿಸಲಾಗಿತ್ತು. ಉಳಿದ ತಿಂಗಳುಗಳನ್ನು ಅದು ಎಲ್ಲ ಮಕ್ಕಳಂತೆ ತಾಯಿಯ ಒಡಲಿನಲ್ಲಿಯೇ ಕಳೆದಿತ್ತು. ಆದರೂ ಪತ್ರಿಕೆಗಳು ಇಟ್ಟ ಹೆಸರೇ ನಿಂತುಬಿಟ್ಟಿತು.

ಹೆಸರಿಗಿಂತ ದೊಡ್ಡ ತಪ್ಪು ಲೆಕ್ಕದಲ್ಲಿ ಆಯಿತು. ಹೆರಿಗೆಗೆ ಮುಂಚೆಯೇ ಪತ್ರಕರ್ತರು ಆಸ್ಪತ್ರೆಯನ್ನು ಮುತ್ತಿದ್ದರು. ದಂಪತಿಗಳ ಕಥೆಯನ್ನು ಪ್ರಕಟಿಸುವ ಹಕ್ಕನ್ನು ಒಂದು ದಿನಪತ್ರಿಕೆ ಹಣ ಕೊಟ್ಟು ಕೊಂಡಿತ್ತು. ಎಲ್ಲರ ಕಣ್ಣೂ ಒಂದು ತೊಟ್ಟಿಲಿನ ಮೇಲೆ. ಆ ತೊಟ್ಟಿಲಿನ ಹಿಂದೆ ನಿಂತಿದ್ದ ಮಹಿಳೆಯರನ್ನು ಎಣಿಸಿದವರು ವಿರಳ. ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್, ವೈದ್ಯ ಪ್ಯಾಟ್ರಿಕ್ ಸ್ಟೆಪ್ಟೋ ಮತ್ತು ಅವರ ಸಹಾಯಕಿ ಜೀನ್ ಪರ್ಡಿ ಇಟ್ಟುಕೊಂಡಿದ್ದ ಟಿಪ್ಪಣಿಗಳನ್ನು ಸಂಶೋಧಕರು ಹಲವು ದಶಕಗಳ ನಂತರ ಪರಿಶೀಲಿಸಿದಾಗ ಆ ಲೆಕ್ಕ ಹೊರಬಂದಿತು. 1969ರಿಂದ 1978ರವರೆಗೆ 282 ಮಹಿಳೆಯರು ಈ ಪ್ರಯತ್ನಕ್ಕೆ ತಮ್ಮ ದೇಹವನ್ನು ಒಡ್ಡಿದ್ದರು. ಅಂಡವನ್ನು ಪಡೆಯಲು ಅರಿವಳಿಕೆ ಕೊಟ್ಟು, ಉದರದೊಳಗೆ ಉಪಕರಣವನ್ನಿಳಿಸುವ ಶಸ್ತ್ರಕ್ರಿಯೆ 457 ಬಾರಿ ನಡೆದಿತ್ತು. ಭ್ರೂಣವನ್ನು ಗರ್ಭಾಶಯಕ್ಕೆ ಸೇರಿಸುವ ಯತ್ನ 112 ಬಾರಿ. ಗರ್ಭ ನಿಂತದ್ದು ಐದು ಬಾರಿ. ಜೀವಂತವಾಗಿ ಹುಟ್ಟಿದ ಮಕ್ಕಳು ಎರಡು.

ಲೆಸ್ಲಿ ಬ್ರೌನ್ ತಮ್ಮ ನೆನಪುಗಳಲ್ಲಿ ಒಂದು ಸಂಗತಿಯನ್ನು ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾರೆ. ಈ ವಿಧಾನದಿಂದ ಈಗಾಗಲೇ ನೂರಾರು ಮಕ್ಕಳು ಹುಟ್ಟಿರಬೇಕೆಂದೇ ಆಕೆ ಭಾವಿಸಿದ್ದರು. ಅದುವರೆಗೆ ಒಂದು ಮಗುವೂ ಹುಟ್ಟಿಲ್ಲವೆಂದು ವೈದ್ಯರು ಹೇಳಿದ ನೆನಪು ಆಕೆಗಿಲ್ಲ, ಆಕೆಯೂ ಕೇಳಿರಲಿಲ್ಲ. ವೈದ್ಯರ ಉದ್ದೇಶ ಕೆಟ್ಟದಾಗಿತ್ತೆಂದು ಇದರ ಅರ್ಥವಲ್ಲ. ಆದರೆ ಪ್ರಯೋಗವನ್ನು ಚಿಕಿತ್ಸೆಯೆಂದು ತಿಳಿದು ನೀಡಿದ ಒಪ್ಪಿಗೆ ಪೂರ್ಣ ಒಪ್ಪಿಗೆಯಾಗಲಾರದು. ವರ್ಷಗಟ್ಟಲೆ ಮಗುವಿಗಾಗಿ ಹಂಬಲಿಸಿದವರು ಪ್ರಶ್ನೆ ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಆದ್ದರಿಂದಲೇ ತಾನಾಗಿ ಹೇಳುವ ಹೊಣೆ ವೈದ್ಯನದು.

ಅಂದಹಾಗೆ, ಭ್ರೂಣಗಳನ್ನು ದಿನವೂ ಸೂಕ್ಷ್ಮದರ್ಶಕದಲ್ಲಿ ಕಾಯುತ್ತಿದ್ದ ಜೀನ್ ಪರ್ಡಿಯವರ ಹೆಸರನ್ನೂ ಸೇರಿಸಬೇಕೆಂದು ಎಡ್ವರ್ಡ್ಸ್ ಕೇಳಿಕೊಂಡಿದ್ದರೂ ಓಲ್ಡ್‌ಹ್ಯಾಮ್‌ನ ಸ್ಮಾರಕ ಫಲಕದಲ್ಲಿ ಅದು ಬರಲಿಲ್ಲ. ಆಕೆ 1985ರಲ್ಲಿ ತೀರಿಕೊಂಡರು. ಹೊಸ ಫಲಕದಲ್ಲಿ ಹೆಸರು ಕಾಣಿಸಿಕೊಂಡದ್ದು 2015ರಲ್ಲಿ.

ಇಂದು ಈ ಚಿಕಿತ್ಸೆ ಪ್ರಯೋಗವಾಗಿ ಉಳಿದಿಲ್ಲ. ಆದರೆ ಅದರ ಸುತ್ತ ‘ದೇಶದಲ್ಲೇ ಮೊದಲು’, ‘ವೈದ್ಯಲೋಕದ ಪವಾಡ’ ಎಂಬ ಶೀರ್ಷಿಕೆಗಳು ನಿಂತಿಲ್ಲ. ಸುದ್ದಿ ಯಾವುದು, ಜಾಹೀರಾತು ಯಾವುದು ಎಂದು ಬೇರ್ಪಡಿಸುವುದೂ ಕೆಲವೊಮ್ಮೆ ಕಷ್ಟ. ನಮ್ಮ ದೇಶದಲ್ಲಿ 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆಯು ಇಂಥ ಚಿಕಿತ್ಸಾಲಯಗಳ ನೋಂದಣಿಯನ್ನು ಕಡ್ಡಾಯಗೊಳಿಸಿದೆ. ಆ ಚಿಕಿತ್ಸಾಲಯದಲ್ಲಿ ಯಶಸ್ಸಿನ ಸಾಧ್ಯತೆ ಎಷ್ಟು, ಖರ್ಚೆಷ್ಟು, ಅಡ್ಡಪರಿಣಾಮಗಳು ಹಾಗೂ ಅಪಾಯಗಳೇನು ಎಂಬುದನ್ನು ದಂಪತಿಗಳಿಗೆ ತಿಳಿಸಬೇಕು. ಲಿಖಿತ ಸಮ್ಮತಿಯಿಲ್ಲದೆ ಚಿಕಿತ್ಸೆ ಆರಂಭಿಸುವಂತಿಲ್ಲ.

ಯಶಸ್ಸಿನ ಪ್ರಮಾಣವನ್ನು ಹೇಳಿದಾಗ ಅದು ಗರ್ಭ ನಿಂತ ಲೆಕ್ಕವೋ, ಮಗು ಮನೆಗೆ ಬಂದ ಲೆಕ್ಕವೋ ಎಂದು ವಿಚಾರಿಸುವುದು ಅಗತ್ಯ. ಎರಡರ ನಡುವಿನ ಅಂತರ ಓಲ್ಡ್‌ಹ್ಯಾಮ್‌ನಲ್ಲಿ ಐದಕ್ಕೂ ಎರಡಕ್ಕೂ ಇದ್ದಷ್ಟಿತ್ತು. ತಮ್ಮದೇ ವಯಸ್ಸಿನ ಎಷ್ಟು ಮಹಿಳೆಯರು ಚಿಕಿತ್ಸೆ ಆರಂಭಿಸಿದರು, ಅವರಲ್ಲಿ ಎಷ್ಟು ಮಂದಿ ಬರಿಗೈಯಲ್ಲಿ ಮರಳಿದರು ಎಂಬುದನ್ನೂ ಕೇಳಬಹುದು. ಆ ಎರಡನೆಯ ಸಂಖ್ಯೆ ಪತ್ರಿಕೆಯಲ್ಲಿ ಸಿಗುವುದಿಲ್ಲ. ವೈದ್ಯರ ಕಡತದಲ್ಲಿ ಇದ್ದೇ ಇರುತ್ತದೆ.