ಕಪ್ಪತಗುಡ್ಡ: ಪರೀಕ್ಷೆಗೆ ಬೇಕಾದಷ್ಟು

ಎಲ್ಲಿ: ಗದಗ ಜಿಲ್ಲೆಯ ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳು. ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನ ತನಕ ಹಬ್ಬಿದ ಸಾಲು. ‘ಉತ್ತರ ಕರ್ನಾಟಕದ ಸಹ್ಯಾದ್ರಿ’ ಎಂದು ಕೇಳಿದರೆ ಉತ್ತರ ಇದೇ.

ಸಸ್ಯ, ಪ್ರಾಣಿ: ಒಣ ಎಲೆಯುದುರುವ ಕಾಡು, ಕುರುಚಲು, ಹುಲ್ಲು. ಮಧುನಾಶಿನಿ, ಅಮೃತಬಳ್ಳಿಯಂಥ ಔಷಧ ಸಸ್ಯಗಳಿಗೆ ಹೆಸರುವಾಸಿ. ಚಿರತೆ, ತೋಳ, ಕತ್ತೆಕಿರುಬಗಳಿವೆ.  

ಜನಪದ: ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡುವುದು ಮೇಲು ಎಂಬ ಮಾತಿದೆ. ಗುಡ್ಡದ ದೇವರು ಕಪ್ಪತ ಮಲ್ಲಯ್ಯ. ನಂದಿವೇರಿ ಮಠವೂ ಇಲ್ಲೇ.

ಸ್ಥಾನಮಾನ: ಅಭ್ಯರ್ಥಿಗಳು ಎಡವುವುದು ಇಲ್ಲೇ. 2015ರಲ್ಲಿ ಸಂರಕ್ಷಣಾ ಮೀಸಲು. 2016ರಲ್ಲಿ ಸರ್ಕಾರ ಆದೇಶ ಹಿಂಪಡೆಯಿತು. ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದಾಳತ್ವದಲ್ಲಿ ಗದಗಿನಲ್ಲಿ ಜನ ಧರಣಿ ಕೂತರು. 2017ರಲ್ಲಿ ಸ್ಥಾನ ಮರಳಿತು. 2019ರಲ್ಲಿ ವನ್ಯಜೀವಿಧಾಮ, ಸುಮಾರು 244 ಚದರ ಕಿ.ಮೀ. ಈ ನಾಲ್ಕು ವರ್ಷಗಳನ್ನು ಕ್ರಮವಾಗಿ ಬರೆದಿಟ್ಟುಕೊಳ್ಳಿ, ಹೊಂದಿಸಿ ಬರೆಯಿರಿಗೆ ಹೇಳಿ ಮಾಡಿಸಿದ್ದು.

ಕಾಯ್ದೆ: ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972. ಸಂರಕ್ಷಣಾ ಮೀಸಲು ಬರುವುದು ಕಲಂ 36ಎ ಅಡಿ. 2002ರ ತಿದ್ದುಪಡಿ ತಂದದ್ದು. ಸರ್ಕಾರಿ ಜಮೀನಿನಲ್ಲಿ, ಸ್ಥಳೀಯರೊಡನೆ ಸಮಾಲೋಚಿಸಿ ರಾಜ್ಯ ಸರ್ಕಾರ ಘೋಷಿಸುತ್ತದೆ. ವನ್ಯಜೀವಿಧಾಮದ್ದು ಬಿಗಿ ಹೆಚ್ಚು: ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸಿಲ್ಲದೆ ಅದರ ಗಡಿ ಬದಲಿಸುವಂತಿಲ್ಲ. ಮೀಸಲನ್ನು ಒಂದೇ ವರ್ಷದಲ್ಲಿ ಕಳಚಿ ಹಾಕಿದ್ದನ್ನು ಕಂಡವರು ವನ್ಯಜೀವಿಧಾಮಕ್ಕೇ ಪಟ್ಟು ಹಿಡಿದದ್ದೇಕೆ ಎಂಬುದಕ್ಕೆ ಇಷ್ಟು ಸಾಕು. ಗುಡ್ಡದಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರು ಇದೆ, ಚಿನ್ನವೂ ಇದೆ. ಗಣಿಗಾರಿಕೆಯವರ ಕಣ್ಣು ಬಿದ್ದಿರುವುದು ಈ ಅದಿರಿನ ಮೇಲೆ.

ಪೋಸ್ಕೊ: ಬೇರೆಯದೇ ಹೋರಾಟ, ಬೆರೆಸಬೇಡಿ. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಬಳಿ ಪೋಸ್ಕೊ ಕಂಪನಿಯ ಉಕ್ಕಿನ ಕಾರ್ಖಾನೆಗೆ ಭೂಸ್ವಾಧೀನ, 2011. ರೈತರ ವಿರೋಧದಿಂದ ನಿಂತಿತು. ಮುಂದಾಳು ಮಾತ್ರ ಅದೇ ಸ್ವಾಮೀಜಿ.

ಜೊತೆಗೆ: ಶಿರಹಟ್ಟಿ ಸೀಮೆಯ ಮಾಗಡಿ ಕೆರೆ, ರಾಮ್ಸಾರ್ ತಾಣ (2024). ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ಬೀಡು.

ನಮ್ಮ ಕಡೆಯದು: ಬನಹಟ್ಟಿಯವರು ಗದಗದ್ದು ಓದಿ ಮನೆ ಪಕ್ಕದ್ದು ಬಿಟ್ಟು ಬರುತ್ತಾರೆ. ಬೀಳಗಿ, ಮುಧೋಳ ತಾಲ್ಲೂಕುಗಳ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ: ಘೋಷಣೆ 2016, ಸುಮಾರು 96 ಚದರ ಕಿ.ಮೀ., ಚಿಂಕಾರಕ್ಕೆಂದೇ ರಾಜ್ಯದಲ್ಲಿ ಮೊದಲನೆಯದು.