ಅಂಕಣದಲ್ಲೊಂದು ಅಲ್ಪವಿರಾಮ

ವಾಕ್ಯವೊಂದರಲ್ಲಿ ಬೇಡದ ಅಕ್ಷರ ಸೇರಿಕೊಂಡರೆ ಅದನ್ನು ಅಳಿಸಿ, ಉಳಿದ ಅಕ್ಷರಗಳನ್ನು ಹತ್ತಿರಕ್ಕೆ ಸರಿಸಿದರಾಯಿತು, ಅರ್ಥ ಕೆಡುವುದಿಲ್ಲ. ಅಂಕಣಗಳಲ್ಲಿ ಜೋಡಿಸಿದ ಲೆಕ್ಕದ ವಿಷಯ ಹಾಗಲ್ಲ. ಅಲ್ಲಿ ಪ್ರತಿಯೊಂದು ಅಕ್ಷರಕ್ಕೂ ರೂಪವಿರುವಂತೆ ಸ್ಥಾನವೂ ಉಂಟು. ರೂಪವನ್ನು ಅಳಿಸುವಾಗ ಸ್ಥಾನವನ್ನು ಮರೆತರೆ ಏನಾಗುವುದು? ಮೇನ್‌ಫ್ರೇಮ್ ಎಂಬ ಬೃಹತ್ ಗಣಕಯಂತ್ರದ ಒಂದು ಉದಾಹರಣೆಯಿಂದ ಇದನ್ನು ತಿಳಿಯೋಣ.

ಐ.ಬಿ.ಎಂ. ಸಂಸ್ಥೆಯು ೧೯೨೮ರಲ್ಲಿ ೮೦ ಅಂಕಣಗಳ ರಂಧ್ರ ಕೊರೆದ ಕಾರ್ಡನ್ನು ಬಳಕೆಗೆ ತಂದಿತು. ಒಂದು ಅಂಕಣಕ್ಕೆ ಒಂದು ಅಕ್ಷರ. ಕಾರ್ಡುಗಳ ಕಾಲ ಮುಗಿದಿದ್ದರೂ ೮೦ ಅಕ್ಷರಗಳ ಸಾಲು ಮೇನ್‌ಫ್ರೇಮಿನಲ್ಲಿ ಇಂದಿಗೂ ಉಳಿದಿದೆ. ಇಂಥ ಸಾಲುಗಳನ್ನು ತೆರೆಯ ಮೇಲೆ ತಿದ್ದಲು ಐ.ಎಸ್.ಪಿ.ಎಫ್. ಎಂಬ ಎಡಿಟರ್ ಇದೆ. ಅದರ ಆಜ್ಞೆಗಳನ್ನು ರೋಮನ್ ಲಿಪಿಯಲ್ಲಿ ಕೊಡಬೇಕು. ಇಲ್ಲಿ ಅವುಗಳ ಉಚ್ಚಾರಣೆಯನ್ನಷ್ಟೇ ಬರೆದಿದೆ.

ಒಂದು ಕಡತದಲ್ಲಿ ೨೧ರಿಂದ ೨೬ನೆಯ ಅಂಕಣದವರೆಗೆ ವಸ್ತುವಿನ ಬೆಲೆ, ೨೭ನೆಯದು ತೆರಪು, ೨೮ರಿಂದ ೩೦ರವರೆಗೆ ವಸ್ತುಗಳ ಸಂಖ್ಯೆ ಇವೆಯೆನ್ನೋಣ. ತೆರಪನ್ನು ಚೌಕದಿಂದ ಸೂಚಿಸಿದರೆ ಸಾಲುಗಳ ಈ ಭಾಗ ಹೀಗಿರುತ್ತದೆ:

□೧,೨೫೦□೦೪೦
೧೨,೫೦೦□೦೦೬
□□□೮೫೦□೧೧೦

ಲೆಕ್ಕ ಮಾಡುವ ಕೋಬಾಲ್ ಪ್ರೋಗ್ರಾಮಿಗೆ ಅಂಕಿಗಳು ಮಾತ್ರ ಬೇಕು. ೨೩ನೆಯ ಅಂಕಣದ ಅಲ್ಪವಿರಾಮವನ್ನು ತೆಗೆಯಬೇಕು. ಹೇಗೆ?

ಎರಡು ಸುಲಭ ದಾರಿಗಳು, ಎರಡೂ ತಪ್ಪು

ಅಲ್ಪವಿರಾಮವನ್ನು ಅಳಿಸಿಬಿಡುವುದು ಮೊದಲನೆಯ ದಾರಿ. ಇಲ್ಲಿ ಎಡಿಟರಿನ ಒಂದು ನಿಯಮವನ್ನು ಅರಿತಿರಬೇಕು. ಪದಗಳ ನಡುವೆ ಎರಡು ಅಥವಾ ಹೆಚ್ಚು ತೆರಪುಗಳಿದ್ದರೆ ಅದು ಪಟ್ಟಿಯೆಂದು ಎಣಿಸಿ, ‘ಚೇಂಜ್’ ಆಜ್ಞೆಯು ಬಲಗಡೆಯ ಅಂಕಣಗಳನ್ನು ಅಲುಗಿಸದೆ ಉಳಿಸುತ್ತದೆ. ಒಂದೇ ತೆರಪಿದ್ದರೆ ಅದನ್ನು ಸಾಮಾನ್ಯ ವಾಕ್ಯವೆಂದು ಎಣಿಸಿ ಎಲ್ಲವನ್ನೂ ಎಡಕ್ಕೆ ಎಳೆಯುತ್ತದೆ. ನಮ್ಮ ಕಡತದಲ್ಲಿರುವುದು ಒಂದೇ ತೆರಪು. ಆದ್ದರಿಂದ ಮೊದಲ ಸಾಲು ‘□೧೨೫೦□೦೪೦□’ ಆಗುತ್ತದೆ. ೨೮ನೆಯ ಅಂಕಣದಿಂದ ಓದುವ ಪ್ರೋಗ್ರಾಮಿಗೆ ೦೪೦ ಕಾಣದೆ ‘೪೦□’ ಕಾಣುತ್ತದೆ.

ಅಲ್ಪವಿರಾಮದ ಸ್ಥಾನದಲ್ಲಿ ತೆರಪನ್ನಿಡುವುದು ಎರಡನೆಯ ದಾರಿ. ಆಗ ಸಾಲು ಅಲುಗುವುದಿಲ್ಲ, ಕಣ್ಣಿಗೂ ಅಂದವಾಗಿರುತ್ತದೆ. ಆದರೆ ಇದು ಮೊದಲನೆಯದಕ್ಕಿಂತ ಅಪಾಯಕರ. ಇದಕ್ಕೆ ಕಾರಣವೇನು?

ಮೇನ್‌ಫ್ರೇಮಿನ ಎಬ್ಸಿಡಿಕ್ ಸಂಕೇತದಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್. ಪ್ರತಿ ಬೈಟಿಗೂ ಎಡ, ಬಲ ಎಂಬ ಎರಡು ಅರ್ಧಗಳು. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು ಎಫ್೦ಯಿಂದ ಎಫ್೯, ತೆರಪು ೪೦, ಅಲ್ಪವಿರಾಮ ೬ಬಿ. ೧೯೬೪ರಲ್ಲಿ ಪ್ರಕಟವಾದ ಸಿಸ್ಟಮ್/೩೬೦ ಯಂತ್ರಗಳಿಂದ ಬಂದಿರುವ ‘ಪ್ಯಾಕ್’ ಎಂಬ ಯಂತ್ರಾಜ್ಞೆಯು ಕೊನೆಯ ಬೈಟಿನ ಹೊರತು ಉಳಿದೆಲ್ಲ ಬೈಟುಗಳ ಎಡ ಅರ್ಧವನ್ನು ಕಡೆಗಣಿಸಿ, ಬಲ ಅರ್ಧವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಅಲ್ಪವಿರಾಮದ ಬಲ ಅರ್ಧ ‘ಬಿ’, ಅದು ಅಂಕಿಯಲ್ಲ. ಆದುದರಿಂದ ಮುಂದಿನ ಕೂಡಿಕೆಯಲ್ಲಿ ಯಂತ್ರವು ದೋಷವನ್ನು ಸಾರಿ ನಿಂತುಬಿಡುತ್ತದೆ. ತೆರಪಿನ ಬಲ ಅರ್ಧವಾದರೋ ಸೊನ್ನೆ! ‘□೧□೨೫೦’ ಎಂಬುದನ್ನು ಯಂತ್ರವು ೦೧೦೨೫೦ ಎಂದು ಓದುತ್ತದೆ. ಸಾವಿರದ ಇನ್ನೂರೈವತ್ತು ರೂಪಾಯಿ ಹತ್ತು ಸಾವಿರದ ಇನ್ನೂರೈವತ್ತಾಗುತ್ತದೆ. ಯಾರಿಗೂ ಎಚ್ಚರಿಕೆಯೇ ಇಲ್ಲ. ನಿಂತ ಯಂತ್ರ ತಪ್ಪನ್ನು ತೋರಿಸಿಕೊಡುತ್ತದೆ. ನಡೆಯುತ್ತಿರುವ ಯಂತ್ರ ತಪ್ಪನ್ನು ಮುಚ್ಚಿಡುತ್ತದೆ.

ಸರಿಯಾದ ದಾರಿ

ನಮಗೆ ಬೇಕಾದುದು ‘□□೧೨೫೦’. ಎಂದರೆ ಸಾವಿರದ ಅಂಕಿ ಒಂದು ಅಂಕಣ ಬಲಕ್ಕೆ ಸರಿಯಬೇಕು, ತೆರಪು ಎಡತುದಿಯಲ್ಲಿ ಸೇರಬೇಕು. ಅಲ್ಲಿ ಅದು ಸೊನ್ನೆಯಾದರೂ ಬೆಲೆ ಬದಲಾಗದು.

ಮೊದಲು ‘ಬೌಂಡ್ಸ್ ೨೧ ೨೩’ ಎಂಬ ಆಜ್ಞೆಯಿಂದ ಎರಡು ಬೇಲಿಗಳನ್ನು ಹಾಕಬೇಕು. ಬಳಿಕ ಮೊದಲ ಸಾಲಿನ ಕ್ರಮಸಂಖ್ಯೆಯ ಮೇಲೆ ‘))೧’ ಎಂದೂ ಕೊನೆಯ ಸಾಲಿನದರ ಮೇಲೆ ‘))’ ಎಂದೂ ಬರೆಯಬೇಕು. ಇದು ಅಂಕಣಗಳನ್ನು ಬಲಕ್ಕೆ ಸರಿಸುವ ಆಜ್ಞೆ. ಬಲಬೇಲಿಯನ್ನು ದಾಟಿದ ಅಕ್ಷರ ನಾಶವಾಗುತ್ತದೆ. ಎಡಬೇಲಿಯ ಬಳಿ ತೆರಪು ಒಳಬರುತ್ತದೆ. ೨೩ರಲ್ಲಿದ್ದ ಅಲ್ಪವಿರಾಮ ಹೊರಬೀಳುತ್ತದೆ. ಬೇಲಿಯ ಹೊರಗಿನ ಯಾವ ಅಕ್ಷರವೂ ಅಲುಗುವುದಿಲ್ಲ:

□□೧೨೫೦□೦೪೦
□೧೨೫೦೦□೦೦೬
□□□೮೫೦□೧೧೦

‘೧’ ಎಂಬುದನ್ನು ಮರೆಯಬಾರದು. ಸಂಖ್ಯೆಯನ್ನು ಕೊಡದಿದ್ದರೆ ಎಡಿಟರು ಎರಡು ಅಂಕಣ ಸರಿಸುತ್ತದೆ. ಆಗ ೧೨,೫೦೦ ಎಂಬುದು ೧೫೦೦ ಆಗುವುದು.

ನಾಶಮಾಡುವ ಆಜ್ಞೆಗೆ ಮುನ್ನ ಪರೀಕ್ಷೆ ಅಗತ್ಯ. ಯಾವುದೋ ಸಾಲಿನಲ್ಲಿ ಅಲ್ಪವಿರಾಮವಿಲ್ಲದೆ ‘□□೧೨೫೦’ ಎಂದೇ ಇದ್ದರೆ ೨೩ರಲ್ಲಿರುವುದು ಅಂಕಿ. ಅದೇ ಹೊರಬಿದ್ದು ಬರಿಯ ೨೫೦ ಉಳಿಯುವುದು. ಆದ್ದರಿಂದ ‘ಫೈಂಡ್ ಆಲ್’ ಆಜ್ಞೆಯಿಂದ ೨೩ನೆಯ ಅಂಕಣದಲ್ಲಿ ತೆರಪಲ್ಲದ ಅಕ್ಷರಗಳೆಷ್ಟು, ಅಲ್ಪವಿರಾಮಗಳೆಷ್ಟು ಎಂದು ಬೇರೆಬೇರೆಯಾಗಿ ಎಣಿಸಬೇಕು. ಎರಡೂ ಎಣಿಕೆಗಳು ಸಮವಾದರೆ ಮಾತ್ರ ಮುಂದುವರಿಯಬೇಕು. ಕೆಲಸವಾದ ಮೇಲೆ ೨೧ರಿಂದ ೨೬ರವರೆಗೆ ಒಂದು ಅಲ್ಪವಿರಾಮವೂ ಸಿಕ್ಕಬಾರದು. ಕೊನೆಗೆ ‘ಬೌಂಡ್ಸ್’ ಎಂದಷ್ಟೇ ಬರೆದು ಬೇಲಿಗಳನ್ನು ತೆಗೆಯಬೇಕು.

ಅಭ್ಯಾಸಕ್ಕೊಂದು ಪ್ರಶ್ನೆ

ನಮ್ಮ ಲಕ್ಷದ ಪದ್ಧತಿಯಲ್ಲಿ ೧,೨೫,೦೦೦ ಎಂಬ ಮೊತ್ತವು ೨೧ರಿಂದ ೨೮ರವರೆಗೆ ಇದ್ದರೆ ಅಲ್ಪವಿರಾಮಗಳು ೨೨ ಮತ್ತು ೨೫ರಲ್ಲಿರುತ್ತವೆ. ಮೊದಲು ೨೧–೨೫ ಬೇಲಿ ಹಾಕಿ ಬಲಗಡೆಯದನ್ನು ತೆಗೆದರೆ ಎರಡನೆಯ ಬೇಲಿ ಎಲ್ಲಿರಬೇಕು? ೨೧–೨೨ ಎಂದವರು ತಪ್ಪಿದರು. ಎಡಗಡೆಯ ಅಲ್ಪವಿರಾಮವು ಅಷ್ಟರಲ್ಲಿ ೨೩ಕ್ಕೆ ಸರಿದಿರುತ್ತದೆ. ಎಡಗಡೆಯದನ್ನೇ ಮೊದಲು ತೆಗೆದರೆ ಈ ತೊಡಕಿಲ್ಲ. ಏಕೆಂಬುದನ್ನು ಚೌಕದ ಕಾಗದದ ಮೇಲೆ ಬರೆದು ನೋಡಿ.